ತಂಗಿಗೆ ಇಂಜಿನಿಯರಿಂಗ್ ಸೀಟ್ ಆಗಿದೆ, ಫೀಸಿಗೆ ಸ್ಕಾಲರ್‌ಶಿಪ್ಪಾ ಸಾಲಾನಾ? ಗೊತ್ತಿರೋರು ಹೇಳಿ

ಪಾಂಡವಪುರದ ಅಕ್ಕ

ಎಲ್ರಿಗೂ ನಮಸ್ಕಾರ. ನಮ್ಮ ತಂಗಿಗೆ ಸಿಇಟಿಲಿ ಮೈಸೂರಿನ ಒಂದು ಪ್ರೈವೇಟ್ ಕಾಲೇಜಲ್ಲಿ ಗೌರ್ಮೆಂಟ್ ಕೋಟಾ ಸೀಟ್ ಆಗಿದೆ, ಕಂಪ್ಯೂಟರ್ ಸೈನ್ಸ್. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿ ಶಾಲೆ ಕಾಲೇಜಲ್ಲೇ ಓದಿದ್ದು, ಪಿಯುಸಿಲಿ 93 ಪರ್ಸೆಂಟ್. ಮನೇಲಿ ಎಲ್ರಿಗೂ ಖುಷಿ, ಆದ್ರೆ ಫೀಸು ಅದು ಇದು ಎಲ್ಲಾ ಸೇರಿ ವರ್ಷಕ್ಕೆ ಒಂದು ಲಕ್ಷದ ಹತ್ರ ಹೋಗುತ್ತೆ. ಅಪ್ಪಂಗೆ ಒಂದೆಕರೆ ಹತ್ತು ಗುಂಟೆ ಗದ್ದೆ, ಕಬ್ಬು ಹಾಕಿದೀವಿ, ಕಬ್ಬಿನ ದುಡ್ಡು ಬರೋದು ಯಾವಾಗ ಅಂತ ಮಂಡ್ಯ ಕಡೆಯವ್ರಿಗೆ ನಾನು ಹೇಳ್ಬೇಕಾಗಿಲ್ಲ. ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ.

ನಾನು 2017ರಲ್ಲಿ ಪಿಯುಸಿ ಆದ್ಮೇಲೆ ಓದು ನಿಲ್ಲಿಸ್ದೆ, ಮಾರ್ಕ್ಸ್ ಇರ್ಲಿಲ್ಲ ಅಂತಲ್ಲ, ಫೀಸ್ ಕಟ್ಟೋಕೆ ದಾರಿ ಇದೆ ಅಂತ ಹೇಳೋರೇ ಯಾರೂ ಇರ್ಲಿಲ್ಲ. ಅವಳಿಗೆ ಹಂಗಾಗ್ಬಾರ್ದು, ಅಷ್ಟೇ ನಂಗೆ ಬೇಕಿರೋದು.

ಈಗ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎರಡು ಸ್ಕಾಲರ್‌ಶಿಪ್ ಹಾಕಿದ್ರೆ ಎರಡೂ ಕ್ಯಾನ್ಸಲ್ ಆಗುತ್ತೆ ಅಂತ ಒಬ್ರು, ಸ್ಕಾಲರ್‌ಶಿಪ್ ನಂಬ್ಕೊಂಡ್ರೆ ಕೆಟ್ಟೆ, ಒಡವೆ ಗಿರವಿ ಇಟ್ಟು ಕಟ್ಬುಡಿ ಅಂತ ಇನ್ನೊಬ್ರು. ಸಾಲ ಕೇಳೋಕೆ ಒಂದು ಬ್ಯಾಂಕಿಗೆ ಹೋಗಿದ್ವಿ, ಜಮೀನಿನ ಪತ್ರ ತನ್ನಿ ಅಂದ್ಬಿಟ್ಟು ಕಳ್ಸಿದ್ರು, ಜಮೀನು ಇನ್ನೂ ತಾತನ ಹೆಸ್ರಲ್ಲೇ ಇದೆ. ನಾವು ಹಿಂದುಳಿದ ವರ್ಗ, 3ಎ. ಯಾವುದ್ರಿಂದ ಶುರು ಮಾಡ್ಲಿ ದಯವಿಟ್ಟು ಹೇಳಿ.

ಮದ್ದೂರು ಹುಡುಗ

ಅಕ್ಕ, ಮೊದ್ಲು ಒಡವೆ ಗಿರವಿ ಇಡ್ಬೇಡಿ. ನಾನೂ ಸ್ಕಾಲರ್‌ಶಿಪ್ ಮೇಲೇ ಡಿಗ್ರಿ ಮುಗಿಸಿರೋನು, ಈಗ ಮೈಸೂರಲ್ಲಿ ಕೆಲಸ.

ಯಾವ ಸ್ಕಾಲರ್‌ಶಿಪ್ ಅನ್ನೋದು ಆಮೇಲೆ, ಫಸ್ಟು ತಂಗಿ ಬ್ಯಾಂಕ್ ಅಕೌಂಟ್ ನೋಡಿ. ನನ್ನ ಕಥೆ ಹೇಳ್ತೀನಿ. ಎಸ್‌ಎಸ್‌ಪಿ, ಅಂದ್ರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ಲು, ಅದ್ರಲ್ಲಿ ಅಪ್ಲಿಕೇಶನ್ ಹಾಕ್ದೆ, ಅಪ್ರೂವ್ ಅಂತನೂ ಬಂತು, ಎಂಟು ತಿಂಗಳು ಕಾದೆ ದುಡ್ಡೇ ಇಲ್ಲ. ಪಾಸ್‌ಬುಕ್ ತಗೊಂಡೋಗಿ ಎಂಟ್ರಿ ಹಾಕಿಸ್ದಾಗೆಲ್ಲ ಅದೇ 512 ರೂಪಾಯಿ. ಕೊನೇಗೆ ಗೊತ್ತಾಗಿದ್ದೇನಪ್ಪಾ ಅಂದ್ರೆ, ಎಂಟನೇ ಕ್ಲಾಸಲ್ಲಿ ಸ್ಕೂಲಿಂದ ಇನ್ನೊಂದು ಬ್ಯಾಂಕಲ್ಲಿ ಝೀರೋ ಬ್ಯಾಲೆನ್ಸ್ ಅಕೌಂಟ್ ಮಾಡ್ಸಿದ್ರಲ್ಲ, ನನ್ನ ಆಧಾರ್ ಲಿಂಕ್ ಆಗಿದ್ದು ಅದಕ್ಕೆ, ಅದು ವರ್ಷಗಟ್ಲೆ ಯೂಸ್ ಮಾಡ್ದೆ ಸತ್ತೋಗಿತ್ತು, ದುಡ್ಡು ಹೋಗಿ ಅಲ್ಲಿಂದ ವಾಪಸ್ ಆಗಿತ್ತು. ಅರ್ಜಿಲಿ ಯಾವ ಅಕೌಂಟ್ ನಂಬರ್ ಬರೆದಿದೀರ ಅನ್ನೋದಲ್ಲ ಮುಖ್ಯ, ಡಿಬಿಟಿ, ಅಂದ್ರೆ ಸರ್ಕಾರ ನೇರ ಅಕೌಂಟಿಗೆ ಹಾಕೋ ದುಡ್ಡು, ಹೋಗೋದು ಎನ್‌ಪಿಸಿಐ ಅನ್ನೋ ಪಾವತಿ ಸಂಸ್ಥೆ ದಾಖಲೇಲಿ ಆಧಾರ್‌ಗೆ ಯಾವ ಬ್ಯಾಂಕ್ ಸೀಡ್, ಅಂದ್ರೆ ಲಿಂಕ್, ಆಗಿದ್ಯೋ ಅಲ್ಲಿಗೆ, ಒಂದು ಟೈಮಿಗೆ ಒಂದೇ ಬ್ಯಾಂಕ್ ಇರುತ್ತೆ ಅಲ್ಲಿ.

ಮೈಆಧಾರ್ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಓಟಿಪಿ ಹಾಕಿದ್ರೆ ಯಾವ ಬ್ಯಾಂಕು, ಆಕ್ಟಿವಾ ಇಲ್ವಾ ತೋರ್ಸುತ್ತೆ. ಎರಡು ನಿಮಿಷದ ಕೆಲ್ಸ. ಇವತ್ತೇ ಮಾಡಿ ಅಕ್ಕ.

ಮಳವಳ್ಳಿ ಸೈಬರ್

ಮೇಲೆ ತಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾಡಕಚೇರಿ ಪಕ್ಕದಲ್ಲೇ ನಮ್ಮ ಅಂಗಡಿ, ಸೀಸನ್ ಬಂತು ಅಂದ್ರೆ ದಿನಕ್ಕೆ ಮೂವತ್ತು ನಲವತ್ತು ಮಕ್ಕಳು ಬರ್ತಾರೆ, ಅದ್ರಲ್ಲಿ ಸುಮಾರು ಜನ ಬರೋದೇ ಕೊನೇ ದಿನ ಸಂಜೆ, ಸರ್ವರ್ ಡೌನು, ಮಕ್ಕಳು ಅಳ್ತಾ ಕೂತಿರ್ತಾರೆ, ನೋಡೋಕಾಗಲ್ಲ.

ಎಸ್‌ಎಸ್‌ಪಿಗೆ ಜಾತಿ ಆದಾಯ ಸರ್ಟಿಫಿಕೇಟ್ ಬೇಕು, ಅದ್ರ ಮೇಲೆ ಆರ್‌ಡಿ ನಂಬರ್ ಇರುತ್ತೆ, ಆ ನಂಬರ್ ಹಾಕಿದ್ರೆ ವಿವರ ಅದೇ ಎಳ್ಕೊಳುತ್ತೆ. ಇಲ್ಲೇ ಎಡವಟ್ಟಾಗೋದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇರುತ್ತೆ ಆಧಾರಲ್ಲಿ ಇರಲ್ಲ, ಒಂದ್ರಲ್ಲಿ ಅಪ್ಪನ ಹೆಸ್ರು ಉದ್ದ ಇನ್ನೊಂದ್ರಲ್ಲಿ ಗಿಡ್ಡ, ಗೌಡ ಒಂದ್ರಲ್ಲಿ ಇದ್ರೆ ಇನ್ನೊಂದ್ರಲ್ಲಿ ಇಲ್ಲ. ಮೂರೂ ಕಾಗದ, ಅಂದ್ರೆ ಮಾರ್ಕ್ಸ್ ಕಾರ್ಡು, ಆಧಾರು, ಜಾತಿ ಆದಾಯ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಕೊಂಡು ಅಕ್ಷರಕ್ಕಕ್ಷರ ಬೆರಳಿಟ್ಟು ಓದಿ. ತಪ್ಪಿದ್ರೆ ಮಾರ್ಕ್ಸ್ ಕಾರ್ಡ್ ಹೆಸ್ರಿಗೆ ಸರಿಯಾಗಿ ಆಧಾರ್ ತಿದ್ದಿಸಿ, ಮಾರ್ಕ್ಸ್ ಕಾರ್ಡ್ ತಿದ್ಸೋದು ದೊಡ್ಡ ತಲೆನೋವು. ಫೀಸ್ ಕಟ್ಟಿದ ರಸೀದಿ ಬಿಸಾಕ್ಬೇಡಿ, ಅರ್ಜಿ ಸಬ್ಮಿಟ್ ಆದ್ಮೇಲೆ ಅಕ್ನಾಲೆಜ್‌ಮೆಂಟ್ ಪ್ರಿಂಟ್ ತಗೊಳಿ, ಕೆಲವು ದಾಖಲೆಗೆ ಇ-ಅಟೆಸ್ಟೇಶನ್, ಅಂದ್ರೆ ಆನ್‌ಲೈನಲ್ಲಿ ದೃಢೀಕರಣ, ಬೇಕಾಗುತ್ತೆ, ಕಾಲೇಜಲ್ಲೇ ಅದಕ್ಕೆ ಅಂತ ಒಬ್ರು ಅಧಿಕಾರಿ ಇರ್ತಾರೆ ಕೇಳಿ.

ಇನ್ನೊಂದು ವಿಷ್ಯ, ಜಮೀನು ತಾತನ ಹೆಸ್ರಲ್ಲಿದೆ ಅಂದ್ರಲ್ಲ. ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರುವಾಗಿದ್ದು, ರೈತರ ಮಕ್ಕಳಿಗೆ. ಇಂಜಿನಿಯರಿಂಗ್, ಮೆಡಿಕಲ್, ಪಿಜಿ ಓದೋರಿಗೆ ಹುಡುಗ್ರಿಗೆ 10,000, ಹುಡುಗೀರಿಗೆ 11,000 ವರ್ಷಕ್ಕೆ ಅಂತ ನಿಗದಿ ಮಾಡಿದ್ರು. ಇದು ಸಿಗ್ಬೇಕು ಅಂದ್ರೆ ಅಪ್ಪಂಗೋ ಅಮ್ಮಂಗೋ ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದಲ್ಲಿ ರೈತರ ನೋಂದಣಿ ನಂಬರ್, ನಮ್ಮ ಕಡೆ ಎಫ್‌ಐಡಿ ಅಂತಾರೆ, ಅದಿರ್ಬೇಕು. ಪಾಣಿ ತಾತನ ಹೆಸ್ರಲ್ಲಿದ್ರೆ ಅಪ್ಪಂಗೆ ಎಫ್‌ಐಡಿ ಮಾಡ್ಸೋದು ಕಷ್ಟ. ತಾತ ತೀರ್ಕೊಂಡಿದ್ರೆ ಪೌತಿ ಖಾತೆ, ಅಂದ್ರೆ ತೀರ್ಕೊಂಡೋರ ಜಮೀನು ವಾರಸುದಾರರ ಹೆಸ್ರಿಗೆ, ಮಾಡ್ಸಿ, ಬರೀ ಸ್ಕಾಲರ್‌ಶಿಪ್ಪಿಗಲ್ಲ, ಬೆಳೆ ಪರಿಹಾರ ಬೆಳೆ ಸಾಲ ಎಲ್ಲದಕ್ಕೂ ಬೇಕದು. ಪಾಣಿ ಹೆಸ್ರಿಗೆ ಬಂದ್ಮೇಲೆ ಆಧಾರು ಪಾಸ್‌ಬುಕ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದ್ರೆ ಆಯ್ತು.

ನಿವೃತ್ತ ಬ್ಯಾಂಕ್ ನೌಕರ, ಮಂಡ್ಯ

ಅಮ್ಮಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಮೂವತ್ತು ವರ್ಷ ಬ್ಯಾಂಕಲ್ಲಿದ್ದೆ, ಅದ್ರಲ್ಲಿ ಬಹಳ ಕಾಲ ಸಾಲದ ಕೌಂಟರಲ್ಲಿ, ಅದಕ್ಕೆ ಸಾಲದ ವಿಚಾರ ಮಾತ್ರ ಬಿಡಿಸಿ ಹೇಳ್ತೀನಿ.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳೋ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಅದರ ಮೇಲೆ ಏಳೂವರೆ ಲಕ್ಷದವರೆಗೆ ಸರ್ಕಾರದ ಕ್ರೆಡಿಟ್ ಗ್ಯಾರಂಟಿ, ಅಂದ್ರೆ ಸಾಲಕ್ಕೆ ಸರ್ಕಾರದ ಖಾತರಿ, ವ್ಯವಸ್ಥೆ ಇದೆ. ಸಾಲ ನಿಮ್ಮ ತಂಗಿ ಹೆಸರಲ್ಲಿ, ಅಪ್ಪ ಜಂಟಿಯಾಗಿ ಸಹಿ ಹಾಕಬೇಕು ಅಷ್ಟೇ. ನಿಮ್ಮನ್ನ ಜಮೀನಿನ ಪತ್ರ ತನ್ನಿ ಅಂತ ಬಾಯಿಮಾತಲ್ಲಿ ಕಳ್ಸಿದಾರೆ, ಅರ್ಜಿನೇ ತಗೊಂಡಿಲ್ಲ. ಇನ್ನು ಮುಂದೆ ಬಾಯಲ್ಲಿ ಕೇಳ್ಬೇಡಿ, ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್ಲಲ್ಲಿ ಆನ್‌ಲೈನ್ ಅರ್ಜಿ ಹಾಕಿ, ಆಗ ಅದು ದಾಖಲೆ ಆಗುತ್ತೆ, ತಿರಸ್ಕಾರ ಮಾಡೋದಾದ್ರೆ ಕಾರಣ ಕೊಡ್ಬೇಕಾಗುತ್ತೆ.

ಈ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ನವೆಂಬರಲ್ಲಿ. ಆದ್ರೆ ಎಲ್ಲಾ ಕಾಲೇಜಿಗೂ ಇಲ್ಲ, ರ‍್ಯಾಂಕಿಂಗ್ ನೋಡಿ ಆರಿಸಿದ ಸಂಸ್ಥೆಗಳ ಪಟ್ಟಿ ಇದೆ, ತಂಗಿ ಕಾಲೇಜು ಅದ್ರಲ್ಲಿದ್ಯಾ ಮೊದಲು ನೋಡಿ. ಇದ್ರೆ, ಮನೆ ಆದಾಯ ವರ್ಷಕ್ಕೆ ಎಂಟು ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದವರಿಗೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಓದೋ ಅವಧಿಲಿ 3 ಪರ್ಸೆಂಟ್ ಬಡ್ಡಿ ಕಡಿತ. ಪಟ್ಟಿಲಿ ಇಲ್ಲ ಅಂದ್ರೂ ಗಾಬರಿ ಬೇಡ, ಆದಾಯ ನಾಲ್ಕೂವರೆ ಲಕ್ಷದೊಳಗಿರೋ ಮನೆಯವರಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರೋ ಕಡೆ ಟೆಕ್ನಿಕಲ್ ಕೋರ್ಸ್ ಓದಿದ್ರೆ ಪೂರ್ತಿ ಬಡ್ಡಿ ಸಬ್ಸಿಡಿ ಹಳೇ ಕಾಲದಿಂದ್ಲೂ ಇದೆ.

ಈ ಪೂರ್ತಿ ಸಬ್ಸಿಡಿ ಅಂದ್ರೆ ಎಷ್ಟು ದುಡ್ಡು ಅಂತ ಜನಕ್ಕೆ ಅಂದಾಜೇ ಇಲ್ಲ, ಅದಕ್ಕೇ ಲೆಕ್ಕ ಹಾಕಿ ತೋರಿಸ್ತೀನಿ. ವರ್ಷಕ್ಕೆ ಒಂದು ಲಕ್ಷದ ಹಾಗೆ ನಾಲ್ಕು ವರ್ಷ ತಗೊಂಡ್ರಿ, ಬಡ್ಡಿ 9 ಪರ್ಸೆಂಟ್ ಅಂತಿಟ್ಕೊಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದ್ರೆ ಬಡ್ಡಿ ಓಡ್ತಾನೇ ಇರುತ್ತೆ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷದ ಬಡ್ಡಿ 45,000, ಎರಡನೇದಕ್ಕೆ 36,000, ಮೂರನೇದಕ್ಕೆ 27,000, ಕೊನೇದಕ್ಕೆ 18,000. ಒಟ್ಟು 1,26,000. ಸಬ್ಸಿಡಿ ಇದ್ದವರಿಗೆ ಇದನ್ನ ಸರ್ಕಾರ ಕಟ್ಟುತ್ತೆ, ಇಲ್ಲದವರ ತಲೆ ಮೇಲೆ ಕೂರುತ್ತೆ. ನನ್ನ ಕೌಂಟರಿಗೆ ಬಂದ ಎಷ್ಟೋ ಅಪ್ಪಂದಿರು ಆದಾಯ ಪತ್ರ ಟೈಮಿಗೆ ಕೊಡದೆ ಇದನ್ನ ಕಳ್ಕೊಂಡ್ರು, ಅದು ನಂಗೆ ಇವತ್ತಿಗೂ ನೋವು. ಸಾಲ ಮಂಜೂರಾದ ದಿನವೇ ಸಬ್ಸಿಡಿಗೆ ನನ್ನ ಹೆಸರು ಸೇರಿಸಿದೀರಾ ಅಂತ ಬಾಯಿಬಿಟ್ಟು ಕೇಳಿ.

ಅಪ್ಪನ ಹಳೇ ಬೆಳೆ ಸಾಲ ಏನಾದ್ರೂ ಕಟ್ಟದೆ ಸುಸ್ತಿ ಆಗಿದ್ರೆ ಈಗಲೇ ಹೇಳ್ಕೊಳಿ, ಸಿಬಿಲ್ ಅನ್ನೋ ಸಾಲದ ದಾಖಲೆಯಲ್ಲಿ ಹೇಗೂ ಕಾಣುತ್ತೆ.

ಮೈಸೂರು ಬಸ್ ಹುಡುಗಿ

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡ್ಕೊಂಡು ಬಿಇ ಓದ್ತಿದೀನಿ, ಮೂರನೇ ವರ್ಷ. ಅಕ್ಕ ನಿಮ್ಮ ತಂಗಿಗೆ ಪ್ರಗತಿ ಸ್ಕಾಲರ್‌ಶಿಪ್ ಬಗ್ಗೆ ಯಾರೂ ಹೇಳ್ಲೇ ಇಲ್ವಾ? ತಾಂತ್ರಿಕ ಶಿಕ್ಷಣ ನೋಡ್ಕೊಳೋ ಕೇಂದ್ರದ ಎಐಸಿಟಿಇದು, ಹುಡುಗೀರಿಗೆ ಮಾತ್ರ, ವರ್ಷಕ್ಕೆ 50,000! ಫಸ್ಟ್ ಇಯರ್ ಸೇರ್ದಾಗ್ಲೇ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಅಂದ್ರೆ ಎನ್‌ಎಸ್‌ಪಿಲಿ ಹಾಕ್ಬೇಕು, ಮನೆ ಆದಾಯ ಎಂಟು ಲಕ್ಷದೊಳಗೆ, ಒಂದು ಮನೇಲಿ ಇಬ್ರು ಹೆಣ್ಮಕ್ಳಿಗೆ ಸಿಗುತ್ತೆ. ಮೆರಿಟ್ ಮೇಲೆ ಸೆಲೆಕ್ಷನ್ನು, 93 ಇದ್ರೆ ಖಂಡಿತ ಹಾಕ್ಬೇಕು. ನಾಲ್ಕು ವರ್ಷ ಸೇರಿ ಎರಡು ಲಕ್ಷ ಅಕ್ಕ, ಅರ್ಧ ಫೀಸ್ ಅಲ್ಲೇ ಹೋಯ್ತು.

ಅದೇ ಪೋರ್ಟಲ್ಲಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಕೂಡ ಇದೆ, ಬೋರ್ಡ್ ಎಕ್ಸಾಮಲ್ಲಿ ಟಾಪ್ 20 ಪರ್ಸೆಂಟೈಲ್, ಅಂದ್ರೆ ಬರೆದೋರಲ್ಲಿ ನೂರಕ್ಕೆ ಮೇಲಿನ ಇಪ್ಪತ್ತು ಜನ, ಅದ್ರೊಳಗಿದ್ದು ಆದಾಯ ನಾಲ್ಕೂವರೆ ಲಕ್ಷ ಮೀರದೋರಿಗೆ, ಮೊದಲ ಮೂರು ವರ್ಷ 12,000, ನಾಲ್ಕನೇ ವರ್ಷ 20,000. ಇಲ್ಲೇ ನಿಮ್ಮ ಎರಡು ಸ್ಕಾಲರ್‌ಶಿಪ್ ಪ್ರಶ್ನೆ ಬರೋದು. ಪ್ರಗತಿ ತಗೊಂಡ್ರೆ ಸೆಂಟ್ರಲ್ ಸೆಕ್ಟರ್ ತಗೊಳಂಗಿಲ್ಲ, ಎರಡಕ್ಕೂ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಜೊತೆಲಿ ಇರ್ಬಾರ್ದು ಅಂತ ರೂಲ್ ಇದೆ. ಹಂಗಂತ ಯಾವ್ದನ್ನೂ ಹಾಕ್ದೆ ಕೂರ್ಬೇಡಿ, ಯಾವುದ್ರಲ್ಲಿ ಸೆಲೆಕ್ಟ್ ಆಗುತ್ತೋ ನೋಡ್ಕೊಂಡು ಜಾಸ್ತಿ ಬರೋದನ್ನ ಉಳಿಸ್ಕೊಂಡು ಇನ್ನೊಂದನ್ನ ಬರೆದುಕೊಟ್ಟು ಬಿಡಿ. ಮುಚ್ಚಿಟ್ಟು ಎರಡೂ ತಗೊಳೋಕೆ ಮಾತ್ರ ಹೋಗ್ಬೇಡಿ, ಈಗೆಲ್ಲಾ ಆಧಾರಲ್ಲೇ ಸಿಕ್ಕಿಬೀಳುತ್ತೆ, ವಾಪಸ್ ಕಟ್ಬೇಕಾಗುತ್ತೆ.

ಸರ್ಕಾರಿ ಶಾಲೇಲಿ ಹತ್ತು, ಸರ್ಕಾರಿ ಕಾಲೇಜಲ್ಲಿ ಪಿಯುಸಿ ಮಾಡಿರೋ ಹುಡುಗೀರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಂದ ವರ್ಷಕ್ಕೆ 30,000 ಇದೆ, ಅದೂ ಫಸ್ಟ್ ಇಯರಲ್ಲೇ ಹಾಕ್ಬೇಕು. ನಿಮ್ಮ ತಂಗಿಗೆ ಹೇಳಿ ಮಾಡ್ಸಿದಂಗಿದೆ. ಅರ್ಜಿ ಫ್ರೀ, ದುಡ್ಡು ಕೊಟ್ರೆ ಕೊಡ್ಸ್ತೀನಿ ಅನ್ನೋರು ಯಾರೇ ಬಂದ್ರೂ ನಂಬ್ಬೇಡಿ.

ಹಾಸ್ಟೆಲ್ ಖರ್ಚು ಲೆಕ್ಕಕ್ಕೆ ಹಿಡಿದಿದ್ರೆ ಅದನ್ನೂ ಯೋಚ್ನೆ ಮಾಡಿ. ಶಕ್ತಿ ಯೋಜನೆ ಬಂದ್ಮೇಲೆ ನಂಗೆ ಬಸ್ ಖರ್ಚು ಸೊನ್ನೆ, ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಡ್ತೀನಿ, ಅಮ್ಮ ಡಬ್ಬಿ ಕಟ್ತಾರೆ, ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಒಂದು ಚಾಪ್ಟರ್ ಓದಿರ್ತೀನಿ. ಪಾಂಡವಪುರದಿಂದ ಮೈಸೂರು ನಂಗಿಂತ ಹತ್ರನೇ. ಓಡಾಡೋಕೆ ಆಗಲ್ಲ ಅಂದ್ರೆ ಬಿಸಿಎಂ, ಅಂದ್ರೆ ಹಿಂದುಳಿದ ವರ್ಗಗಳ ಇಲಾಖೆ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಸೀಟ್ ಸಿಗ್ಲಿಲ್ಲ ಅಂದ್ರೆ ವಿದ್ಯಾಸಿರಿ ಇದೆ, ಹತ್ತು ತಿಂಗ್ಳು ಊಟ ವಸತಿಗೆ ದುಡ್ಡು ಕೊಡ್ತಾರೆ.

ಪಾಂಡವಪುರದ ಅಕ್ಕ

ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ತಂಗಿನೂ ನಾನೂ ಕೂತ್ಕೊಂಡು ಎಲ್ಲಾ ಓದುದ್ವಿ, ಅಪ್ಪಂಗೂ ಓದಿ ಹೇಳ್ದೆ. 1,26,000 ಬಡ್ಡಿ ಲೆಕ್ಕ ಕೇಳಿ ಅಪ್ಪ ಇನ್ನೊಂದ್ಸಲ ಓದು ಅಂದ್ರು.

ಆಧಾರ್ ಸೀಡಿಂಗ್ ನೋಡುದ್ವಿ. ಮದ್ದೂರು ತಮ್ಮ ಹೇಳ್ದಂಗೆ ಅವಳ್ದೂ ಹಳೇ ಸ್ಕೂಲ್ ಅಕೌಂಟಿಗೇ ಇದೆ, ಇನ್‌ಆಕ್ಟಿವ್ ಅಂತ ತೋರುಸ್ತು. ಕಾಗದ ಮೂರೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇದೆ, ಆಧಾರಲ್ಲಿ ಇಲ್ಲ. ಇದೆರಡೂ ಗೊತ್ತಿಲ್ದೆ ಅರ್ಜಿ ಹಾಕಿದ್ರೆ ನಮ್ಗೂ ಎಂಟು ತಿಂಗಳು ಕಾಯೋದೇ ಆಗ್ತಿತ್ತು.

ನಾಳೆ ರಜೆ ಹಾಕಿದೀನಿ, ಬೆಳಿಗ್ಗೆ ಆಧಾರ್ ಸೆಂಟರು, ಅಲ್ಲಿಂದ ಬ್ಯಾಂಕು. ಸರ್, ಒಂದೇ ಒಂದು ಕೇಳ್ಬೇಕು, ಪ್ರಗತಿ ಸಿಗುತ್ತೋ ಇಲ್ವೋ ಗೊತ್ತಾಗೋದು ಲೇಟ್ ಆಗುತ್ತಲ್ಲ, ಅಲ್ಲಿವರ್ಗೂ ಈ ವರ್ಷದ್ದು ಮಾತ್ರ ಸಾಲ ತಗೊಂಡು ಮುಂದಿನ ವರ್ಷ ಬೇಡ ಅನ್ಬೋದಾ?

ನಿವೃತ್ತ ಬ್ಯಾಂಕ್ ನೌಕರ, ಮಂಡ್ಯ

ಅನ್ಬೋದಮ್ಮ. ನಾಲ್ಕು ವರ್ಷಕ್ಕೂ ಸೇರಿಸಿ ಮಂಜೂರು ಮಾಡಿಸ್ಕೊಳಿ, ಬ್ಯಾಂಕು ವರ್ಷ ವರ್ಷದ ಫೀಸ್ ಮಾತ್ರ ಕಾಲೇಜಿಗೆ ನೇರ ಕಳಿಸುತ್ತೆ, ತಗೊಂಡಷ್ಟಕ್ಕೇ ಬಡ್ಡಿ. ಪ್ರಗತಿ ಬಂದ ವರ್ಷ ಅಷ್ಟು ಕಡಿಮೆ ಎತ್ಕೊಂಡ್ರಾಯ್ತು. ಆದ್ರೆ ಪ್ರಗತಿ ಬಂದ್ಮೇಲೆ ಆ 3 ಪರ್ಸೆಂಟ್ ಕಡಿತ ಸಿಗಲ್ಲ, ಅದನ್ನ ಬ್ಯಾಂಕಿಗೆ ತಿಳಿಸ್ಬೇಕು. ನಾಳೆ ಹೋಗುವಾಗ ಅಡ್ಮಿಷನ್ ಆರ್ಡರು, ಕಾಲೇಜಿನ ನಾಲ್ಕೂ ವರ್ಷದ ಫೀಸ್ ವಿವರ ಇರೋ ಪತ್ರ, ಅಪ್ಪನ ಆಧಾರು ಪ್ಯಾನು, ಆದಾಯ ಪತ್ರ ಇಷ್ಟು ಇಟ್ಕೊಳಿ. ಮತ್ತೆ ಜಮೀನಿನ ಪತ್ರ ಕೇಳಿದ್ರೆ ಇಲ್ಲೇ ಬರೀರಿ, ಏನು ಹೇಳ್ಬೇಕು ಅಂತ ಹೇಳ್ತೀನಿ.