407 ಗಾಡಿಯನ್ನೇ ಮನೆ ಮಾಡಿಕೊಂಡವರು ಹೇಳಿ: ಸೋಲಾರ್ ಎಷ್ಟು, ನೀರು ಎಷ್ಟು ಬೇಕು?

ದಾವಣಗೆರೆಯಿಂದ ಪ್ರಶ್ನೆ:

ನಮ್ಮನೆಯವರು ಬರುವ ಮಾರ್ಚಿಗೆ ನಿವೃತ್ತರಾಗುತ್ತಾರೆ. ಒಂದು ಟಾಟಾ 407 ಸಣ್ಣ ಲಾರಿ ಕೊಂಡು, ಹಿಂದೆ ಮನೆಯಂಥ ಬಾಡಿ ಕಟ್ಟಿಸಿ, ಒಂದು ವರ್ಷ ಇಬ್ಬರೂ ಅದರಲ್ಲೇ ಇರಬೇಕು ಎಂದಿದ್ದೇವೆ. ಕರೆಂಟಿಗೂ ನೀರಿಗೂ ದಿನಾ ಇನ್ನೊಬ್ಬರ ಬಾಗಿಲಿಗೆ ಹೋಗಬಾರದು. ಸೋಲಾರ್ ಎಷ್ಟು ಹಾಕಿಸಬೇಕು? ಇಂಡಕ್ಷನ್ ಒಲೆ ನಡೆಯುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿಯಿಂದ:

ಅಕ್ಕಾ, ನಾವು ಗಂಡ ಹೆಂಡತಿ ಇಂಥದ್ದೇ ಗಾಡಿಯಲ್ಲಿದ್ದೇವೆ. ಇದು ಮೂರನೇ ವರ್ಷ. ನೀವು ಮೊದಲು ಸೋಲಾರ್ ಕೇಳಿದ್ದೀರಿ, ನಾವೂ ಅಲ್ಲಿಂದಲೇ ಶುರು ಮಾಡಿದ್ದೆವು. ಆದರೆ ಒಂದು ಜಾಗದಿಂದ ನಮ್ಮನ್ನು ಎಬ್ಬಿಸುವುದು ಯಾವಾಗಲೂ ನೀರು. ಕರೆಂಟು ಬಿಸಿಲಿದ್ದರೆ ತಾನಾಗಿ ಬರುತ್ತದೆ, ನೀರು ನಾವೇ ಹೋಗಿ ತರಬೇಕು ಅಲ್ವಾ?

ನಮ್ಮ ಟ್ಯಾಂಕ್ 150 ಲೀಟರ್. ಅಡುಗೆ, ಪಾತ್ರೆ, ಸ್ನಾನ ಎಲ್ಲ ಸೇರಿ ಇಬ್ಬರಿಗೆ ದಿನಕ್ಕೆ 25 ಲೀಟರ್, ಅಂದರೆ ಆರು ದಿನ. ಮೊದಲ ತಿಂಗಳು ಇದೇ ಟ್ಯಾಂಕ್ ಎರಡೂವರೆ ದಿನಕ್ಕೆ ಖಾಲಿಯಾಗುತ್ತಿತ್ತು. ಉಳಿತಾಯ ಆದದ್ದು ಎರಡು ಕಡೆ. ಒಂದು, ಪಾತ್ರೆ. ಊಟ ಆದ ತಕ್ಷಣ ತಟ್ಟೆ, ಬಾಣಲೆಯನ್ನು ಹಳೇ ಬಟ್ಟೆಯಲ್ಲಿ ಒರೆಸಿಬಿಟ್ಟರೆ ತೊಳೆಯಲು ಅರ್ಧ ನೀರು ಸಾಕು. ಇನ್ನೊಂದು, ಸ್ನಾನ. ಗಿಡಕ್ಕೆ ಔಷಧಿ ಹೊಡೆಯುವ 5 ಲೀಟರ್ ಕೈಪಂಪು ಇರುತ್ತದಲ್ಲ, ಅದರಲ್ಲಿ ಹೊಸದೊಂದು ತಂದೆವು. ಬೆಳಿಗ್ಗೆ ತುಂಬಿ ಬಿಸಿಲಿಗಿಟ್ಟರೆ ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತದೆ. ಒಬ್ಬರ ಸ್ನಾನ ಅದರಲ್ಲೇ ಮುಗಿಯುತ್ತದೆ. ದಯವಿಟ್ಟು ಔಷಧಿ ಹೊಡೆದ ಹಳೇ ಪಂಪು ಮಾತ್ರ ಮುಟ್ಟಬೇಡಿ.

ಕುಡಿಯುವ ನೀರು ಬೇರೆ ಕ್ಯಾನಿನಲ್ಲಿ ಇಡಿ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ದೊಡ್ಡ ಉಪಕಾರ. ಎಷ್ಟೋ ಕಡೆ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ನಾಣ್ಯಗಳ ಒಂದು ಡಬ್ಬಿ ಗಾಡಿಯಲ್ಲಿ ಇರಲಿ.

ಒಂದು ತಪ್ಪು ಹೇಳಲೇಬೇಕು. ಬಾಡಿ ಕಟ್ಟಿದವರು ಟ್ಯಾಂಕ್, ಬ್ಯಾಟರಿ, ಸ್ಟೆಪ್ನಿ ಎಲ್ಲವನ್ನೂ ಹಿಂಬದಿಗೆ ತಳ್ಳಿದ್ದರು. ನಾವೂ ನೋಡಿ ಸುಮ್ನೆ ಇದ್ದೆವು. ದೇವಿಮನೆ ಘಟ್ಟ ಹತ್ತುವಾಗ ಸ್ಟೇರಿಂಗ್ ಹಗುರಾದ ಹಾಗಾಗಿ ನಿಜವಾಗಿ ಹೆದರಿದೆವು. ನೀರು ಲೀಟರಿಗೆ ಒಂದು ಕೆಜಿ. ಹಾಗಾಗಿ ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರ ಇರಬೇಕು. ಬಾಡಿ ಮುಗಿದ ಮೇಲೆ ನೀರು, ಗ್ಯಾಸ್, ಬಟ್ಟೆಬರೆ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ.

ಈಗ ಸೋಲಾರ್. ನಮ್ಮ ಫ್ರಿಜ್ 12 ವೋಲ್ಟಿನದು, ಕಂಪ್ರೆಸರ್ ಇರುವುದು. ದಿನಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. ಫ್ಯಾನು, ದೀಪ, ಪಂಪು, ಮೊಬೈಲು, ಸ್ವಲ್ಪ ಲ್ಯಾಪ್‌ಟಾಪ್ ಸೇರಿದರೆ ಒಟ್ಟು ಒಂದೂಕಾಲು ಯೂನಿಟ್. ಮೇಲೆ 600 ವಾಟ್ ಪ್ಯಾನೆಲ್ ಇದೆ. ಜನವರಿ, ಫೆಬ್ರವರಿ ಬಿಸಿಲಿನಲ್ಲಿ ಎರಡು ಯೂನಿಟ್ಟಿಗೂ ಜಾಸ್ತಿ ಕೊಡುತ್ತದೆ. ಜುಲೈನಲ್ಲಿ ಆಗುಂಬೆ ಕಡೆ ಹೋದಾಗ ಅರ್ಧ ಯೂನಿಟ್ ಬಂದರೆ ಅದೇ ಹೆಚ್ಚು. ಆಗ ಕೈಹಿಡಿದದ್ದು ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುವಾಗ ಎಂಜಿನ್ ಜೊತೆ ತಿರುಗಿ ಕರೆಂಟು ಕೊಡುವ ಆಲ್ಟರ್ನೇಟರ್‌ನಿಂದ ಮನೆಯ ಬ್ಯಾಟರಿ ತುಂಬಿಸುತ್ತದೆ. 30 ಆಂಪಿಯರಿನದಾದರೆ ಒಂದು ಗಂಟೆ ಓಡಿಸಿದರೆ ಸುಮಾರು 0.4 ಯೂನಿಟ್. ಮಲೆನಾಡಿನ ಮಳೆ ನೋಡುವ ಆಸೆ ಇದ್ದರೆ ಇದು ಬೇಕೇ ಬೇಕು.

ಪ್ಯಾನೆಲನ್ನು ತಗಡಿಗೆ ಅಂಟಿಸಬೇಡಿ. ಕೆಳಗೆ ಗಾಳಿ ಆಡಲು ಎರಡು ಇಂಚು ಬಿಡಿ. ಪ್ಯಾನೆಲ್ ಬಿಸಿಯಾದಷ್ಟೂ ಕರೆಂಟು ಕಡಿಮೆ. ಕೆಳಗಿನ ನೆರಳಿಗೆ ಒಳಗಿನ ಬೇಗೆಯೂ ಇಳಿಯುತ್ತದೆ.

ಬ್ಯಾಟರಿ 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎರಡೂವರೆ ಯೂನಿಟ್. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಅಗ್ಗ. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ, ಭಾರವೂ ಜಾಸ್ತಿ. ಲಡಾಖ್, ಸ್ಪಿತಿ ಕಡೆ ಹೋಗುವುದಿದ್ದರೆ ಲಿಥಿಯಂ ಬ್ಯಾಟರಿ ಮಲಗುವ ಜಾಗದ ಒಳಗೇ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಇಂಡಕ್ಷನ್ ನಡೆಯುತ್ತದೆ, ಆದರೆ ಬೇಡ ಅನ್ನುತ್ತೇನೆ. 1800 ವಾಟಿನ ಒಲೆ 20 ನಿಮಿಷ ಉರಿದರೆ 0.6 ಯೂನಿಟ್, ನಮ್ಮ ಅರ್ಧ ದಿನದ ಬಳಕೆ. 12 ವೋಲ್ಟಿನಲ್ಲಿ ಅದು 150 ಆಂಪಿಯರ್ ದಾಟುತ್ತದೆ. ಅಷ್ಟಕ್ಕೆ ತಕ್ಕ ದಪ್ಪ ವೈರು, ಫ್ಯೂಸು ಇಲ್ಲದಿದ್ದರೆ ಬೆಂಕಿಯ ಭಯ. ನಮ್ಮದು 5 ಕೆಜಿ ಸಿಲಿಂಡರ್, ಕುಕ್ಕರ್. ಅಕ್ಕಿ, ಬೇಳೆ ಮೊದಲೇ ನೆನೆಸಿಡುತ್ತೇವೆ.

ತಿಪಟೂರಿನಿಂದ:

ಶೌಚಾಲಯದ ಬಗ್ಗೆ ಯಾರೂ ಮಾತಾಡಲ್ಲ, ನಾನು ಹೇಳ್ತೀನಿ. ನಾವು ನೀರಿಲ್ಲದ್ದು ಇಟ್ಟಿದ್ದೇವೆ. ಮೂತ್ರ ಮುಂದಿನ ಕ್ಯಾನಿಗೆ ಹೋಗುತ್ತದೆ, ಗಟ್ಟಿಯದು ಹಿಂದಿನ ಬಕೆಟ್ಟಿಗೆ. ಎರಡೂ ಸೇರದಿದ್ದರೆ ವಾಸನೆ ಬಹಳ ಕಡಿಮೆ. ಪ್ರತಿ ಸಲ ಮೇಲೆ ಒಂದು ಹಿಡಿ ತೆಂಗಿನ ನಾರಿನ ಪುಡಿ. ನಮ್ಮೂರಲ್ಲಿ ಅದಕ್ಕೇನು ಕೊರತೆ! ತೊಳೆದುಕೊಳ್ಳುವ ನೀರು ಮಾತ್ರ ಬಕೆಟ್ಟಿಗೆ ಬೀಳಬಾರದು, ಅದಕ್ಕೆ ಪಕ್ಕದಲ್ಲೇ ಬೇರೆ ಬೇಸಿನ್ ಇದೆ. ಬಕೆಟ್ಟನ್ನು ನಮ್ಮ ತೋಟದ ಗುಂಡಿಗೇ ತಂದು ಹಾಕುತ್ತೇವೆ. ಹಳ್ಳ, ಕೆರೆ ಹತ್ತಿರ ಖಂಡಿತ ಸುರಿಯಬೇಡಿ.

ಮೈಸೂರಿನಿಂದ:

ಮೇಡಂ, ಬಾಡಿ ಕಟ್ಟುವವರಿಗೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇಂಥ ಮನೆ-ಗಾಡಿಗಳಿಗೆ, ಅಂದರೆ ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವೇ ಇದೆ. ಸರಕು ಗಾಡಿಯ ಆರ್‌ಸಿ ಇಟ್ಟುಕೊಂಡು ಒಳಗೆ ಮಲಗಿ ಓಡಾಡಿದರೆ, ಅಪಘಾತವಾದ ದಿನ ವಿಮೆಯವರು ಕೈ ಬಿಡಬಹುದು.

ಇನ್ನೊಂದು, ಪ್ರಾಣದ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಚಳಿ ಎಂದು ಕಿಟಕಿ ಮುಚ್ಚಿ ಒಲೆ, ಇದ್ದಿಲು ಉರಿಸಿ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದನ್ನು ಹಿಡಿಯುವ ಅಲಾರಂ ಹಾಕಿಸಿ.

ಕೇರಳದ ಕಡೆ ಹೊರಟರೆ ನೆನಪಿರಲಿ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ದಾವಣಗೆರೆಯಿಂದ:

ಎಲ್ಲರಿಗೂ ಧನ್ಯವಾದ. ಮಾರ್ಚಿಗೆ ಇನ್ನೂ ಸಮಯ ಇದೆ. ಈಗಲೇ ಏನು ಶುರು ಮಾಡಲಿ?

ಶಿರಸಿಯಿಂದ:

ಒಂದು ವಾರ ಮನೆಯ ನಲ್ಲಿ ಮುಟ್ಟಬೇಡಿ ಅಕ್ಕಾ. ಬೆಳಿಗ್ಗೆ 20 ಲೀಟರಿನ ಎರಡು ಕ್ಯಾನ್ ತುಂಬಿಸಿಕೊಳ್ಳಿ, ಇಬ್ಬರೂ ದಿನವೆಲ್ಲ ಅದರಲ್ಲೇ ನಡೆಸಿ. ರಾತ್ರಿ ಎಷ್ಟು ಉಳಿಯಿತು ಎಂದು ಬರೆದಿಡಿ. ಆ ಏಳು ದಿನದ ಲೆಕ್ಕ ಇಲ್ಲಿ ಹಾಕಿ, ನಿಮ್ಮ ಟ್ಯಾಂಕಿನ ಅಳತೆ ಒಟ್ಟಿಗೆ ನೋಡೋಣ.