ನಮ್ಮ ಸಂಘದ ವೆಬ್‌ಸೈಟ್ ಕಣ್ಣು ಕಾಣದವರಿಗೆ ಯಾಕೆ ಓದಲು ಬರುತ್ತಿಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಮೊನ್ನೆ ಕಣ್ಣು ಕಾಣದ ಸದಸ್ಯರೊಬ್ಬರು ಫೋನ್ ಮಾಡಿದ್ದರು. ವಿದ್ಯಾರ್ಥಿವೇತನದ ಪಿಡಿಎಫ್ ತೆರೆದರೆ ಅವರ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬರೀ ಇಂಗ್ಲಿಷ್ ಅಕ್ಷರ ಒದರುತ್ತದಂತೆ. ಅರ್ಜಿ ಪುಟದಲ್ಲಿ ಎಲ್ಲಿ ಏನು ಬರೆಯಬೇಕು ಅಂತಾನೂ ಗೊತ್ತಾಗುವುದಿಲ್ಲವಂತೆ. ನನಗೆ ಕನ್ನಡ ಚೆನ್ನಾಗೇ ಕಾಣುತ್ತಿದೆ. ಎಲ್ಲಿಂದ ಸರಿ ಮಾಡಲಿ?

ಉತ್ತರ: ನಮಸ್ಕಾರ ಸರ್. ಮೊದಲು ಆ ಪಿಡಿಎಫ್‌ನ ಒಂದು ಸಾಲು ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಪದ್ಧತಿ. ಚಿತ್ರವಿಚಿತ್ರ ಚಿಹ್ನೆ ಬಂದರೆ ಹಳೆಯ ನುಡಿ ಥರದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ನಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಕೂತಿರುವುದು ಪಿ, ಕ್ಯೂ ಎಂಬ ಇಂಗ್ಲಿಷ್ ಅಕ್ಷರ ಮತ್ತು ಕೆಲವು ಚಿಹ್ನೆ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ನಮ್ಮ ಕಣ್ಣಿಗೆ ವೇಷ ಕಾಣುತ್ತದೆ, ಸ್ಕ್ರೀನ್ ರೀಡರ್ ಒಳಗಿರುವುದನ್ನು ಓದುತ್ತದೆ. ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಇಂಗ್ಲಿಷ್ ಮಾರ್ಗಸೂಚಿ ಹಿಡಿದು ಕೆಲಸ ಶುರು ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ. ನನ್ನ ಪ್ರಕಾರ ಕನ್ನಡ ವೆಬ್‌ಸೈಟ್‌ಗಳಲ್ಲಿ ಇದೇ ಮೊದಲ ಕೆಲಸ.

ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವತ್ತು ಕೆಲವು ಸಲ ಕೆಟ್ಟಿರುತ್ತವೆ. ಆಮೇಲೆ ಮತ್ತೆ ಪಿಡಿಎಫ್ ಮಾಡಬೇಡಿ, ಪುಟದಲ್ಲೇ ಹಾಕಿ. ಸ್ಕ್ಯಾನ್ ಮಾಡಿದ ಸುತ್ತೋಲೆ ಇದ್ದರೆ ಅದೂ ಬರೀ ಫೋಟೊ, ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಅರ್ಜಿ ವಿಷಯ. ಬಾಕ್ಸ್ ಪಕ್ಕ ‘ಹೆಸರು’ ಅಂತ ಸುಮ್ನೆ ಬರೆದರೆ ಸಾಲದು. ಅದನ್ನು ಪುಟದ ಕೋಡ್‌ನಲ್ಲಿ ಲೇಬಲ್ ಎಂಬ ಟ್ಯಾಗ್‌ನಿಂದ ಬಾಕ್ಸ್‌ಗೆ ಜೋಡಿಸಬೇಕು. ಇಲ್ಲದಿದ್ದರೆ ಅವರಿಗೆ ‘ಎಡಿಟ್, ಬ್ಲ್ಯಾಂಕ್’ ಅಂತಷ್ಟೇ ಕೇಳಿಸಬಹುದು. ಕೋಡ್‌ನಲ್ಲಿ ನಮೂದಿಸಿರುವ ಪುಟದ ಭಾಷೆಯನ್ನೂ ನೋಡಿ. ರೆಡಿಮೇಡ್ ಟೆಂಪ್ಲೇಟ್‌ಗಳಲ್ಲಿ ಸಾಮಾನ್ಯವಾಗಿ ‘ಇಎನ್’ (ಇಂಗ್ಲಿಷ್) ಅಂತಿರುತ್ತದೆ, ‘ಕೆಎನ್’ (ಕನ್ನಡ) ಮಾಡಿ.

ಇನ್ನೊಬ್ಬ ಸದಸ್ಯರು: ನಾನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವನು. ಒಂದು ಕಡೆ ಅರ್ಜಿ ಪೂರ್ತಿ ತುಂಬಿದ್ದೆ. ಕೊನೆಗೆ ಚಿತ್ರದ ಕ್ಯಾಪ್ಚಾ (ಚಿತ್ರ ನೋಡಿ ಉತ್ತರಿಸಿ ನಾವು ಮನುಷ್ಯರೇ ಎಂದು ತೋರಿಸುವ ಪರೀಕ್ಷೆ) ಬಂತು, ಕೇಳಿಸುವ ಬಟನ್ ಇರಲಿಲ್ಲ. ಪಕ್ಕದ ಮನೆ ಹುಡುಗ ಬರುವಷ್ಟರಲ್ಲಿ ಸಮಯ ಮುಗಿದು ಎಲ್ಲ ಅಳಿಸಿಹೋಯಿತು. ಮತ್ತೆ ಲಾಗಿನ್ ಆಗಲು ಅವನಿಗೆ ನನ್ನ ಪಾಸ್‌ವರ್ಡ್ ಹೇಳಬೇಕಾಯಿತು. ಜಾಸ್ತಿ ನೋವಾಗಿದ್ದು ಅದಕ್ಕೆ.

ಉತ್ತರ: ನೋವಾಗದೆ ಇರುತ್ತಾ ಸರ್. ಇದು ಯಾರೋ ಕೊಡುವ ಉಪಕಾರ ಅಲ್ಲ, ನಿಮ್ಮ ಹಕ್ಕು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆ ಪ್ರಕರಣ ಕೆವೈಸಿಗೆ, ಅಂದರೆ ಬ್ಯಾಂಕ್ ಮುಂತಾದವು ಗ್ರಾಹಕರ ಗುರುತು ಪರಿಶೀಲಿಸುವುದಕ್ಕೆ ಸಂಬಂಧಿಸಿದ್ದು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರನ್ನೂ ‘ಕಣ್ಣು ಮಿಟುಕಿಸಿ’ ಅಂತ ಕೇಳುತ್ತಿದ್ದರು.

ಮತ್ತೊಬ್ಬರ ಪ್ರಶ್ನೆ: ಮೇಡಂ, ನಮ್ಮ ಸೈಟ್‌ನಲ್ಲಿ ಅಕ್ಷರ ತಿಳಿ ಬೂದು ಬಣ್ಣದಲ್ಲಿವೆ. ನಮ್ಮ ತಂದೆಗೆ ಓದಲು ಕಷ್ಟ. ಇದೂ ಇದೇ ವಿಷಯವಾ?

ಉತ್ತರ: ಇದೇ ವಿಷಯ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು. ಬಿಳಿ ಪುಟದ ಮೇಲೆ 767676 ಎಂಬ ಬಣ್ಣದ ಕೋಡ್‌ನ ಬೂದು ಪಾಸಾಗುತ್ತದೆ, ಒಂದೆಳೆ ತಿಳಿಯಾದ 777777 ಫೇಲ್ ಆಗುತ್ತದೆ. ಕನ್ನಡದ ಒತ್ತಕ್ಷರಗಳು ಚಿಕ್ಕವು ಅಲ್ವಾ? ಹಾಗಾಗಿ ಇನ್ನೂ ಗಾಢವಾಗಿಡಿ.

ಮೊದಲು ಕೇಳಿದವರು: ಪೇಸ್ಟ್ ಮಾಡಿ ನೋಡಿದೆ ಮೇಡಂ. ಪಿ ಅಂತಲೇ ಬಂತು. ಒಟ್ಟು ಹನ್ನೆರಡು ಪಿಡಿಎಫ್ ಇವೆ.

ಉತ್ತರ: ವಿದ್ಯಾರ್ಥಿವೇತನದ್ದು ಮೊದಲು ಮಾಡಿ, ಅದಕ್ಕೆ ಕೊನೆ ದಿನಾಂಕ ಇರುತ್ತದೆ. ಮುಗಿದ ಮೇಲೆ ಫೋನ್ ಮಾಡಿದ್ದ ಸದಸ್ಯರನ್ನೇ ಕೇಳಿಕೊಂಡು ಅವರ ಪಕ್ಕ ಕೂತುಕೊಳ್ಳಿ. ಅವರು ಅರ್ಜಿ ತುಂಬಲಿ. ನೀವು ಮಧ್ಯೆ ಹೇಳಿಕೊಡಬೇಡಿ, ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳಿ. ಆ ಪಟ್ಟಿ ಇಲ್ಲಿ ಹಾಕಿ, ಒಂದೊಂದಾಗಿ ನೋಡೋಣ.