ಖಳನ ಪ್ರೀಕ್ವೆಲ್: ಕೊನೆ ಮೊದಲೇ ಗೊತ್ತಿದ್ದರೆ ಹೇಗೆ ಬರೆಯುವುದು?

ಮಲ್ಪೆ_ಗಾಳಿ:
ನನ್ನ ಮೊದಲ ಕಾದಂಬರಿಯ ಖಳ ಒಬ್ಬ ಬೋಟ್ ಮಾಲೀಕ. ಸಾಲ ಕೊಟ್ಟು ಜನರ ಮನೆ ಬರೆಸಿಕೊಳ್ಳುವವನು. ಈಗ ಅವನ ಹಿಂದಿನ ಕಥೆ ಬರೆಯುತ್ತಾ ಇದ್ದೇನೆ, ಆಗ ಅವನು ಬರೀ ಕಲಾಸಿ, ಬೋಟಿನ ಕೂಲಿಯಾಳು. ಅಪ್ಪ ಕಡಲಪಾಲು, ತಂಗಿಗೆ ಕಾಯಿಲೆ, ಬೋಟು ನಡೆಸುವ ತಂಡೇಲ ಹೊಡೆಯುತ್ತಾನೆ, ಪ್ರೀತಿಸಿದವಳು ಬೇರೆಯವನನ್ನು ಮದುವೆಯಾದಳು, ಎಲ್ಲ ಹಾಕಿದೆ. ಗೆಳತಿ ಓದಿ "ಪಾಪ, ಆದ್ರೆ ಬೋರು" ಅಂದಳು. ಅವನು ಕೆಡುತ್ತಾನೆ ಅಂತ ಎಲ್ಲರಿಗೂ ಗೊತ್ತಲ್ವಾ, ಮತ್ತೆ ಎಂತ ಮಾಡುವುದು?

ಚೌಕಿ_ಮೂಲೆ:
ಗೊತ್ತಿದ್ದರೆ ಎಂತ ಮಾರಾಯ್ರೆ? ಯಕ್ಷಗಾನದ ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿಲ್ಲದವರು ಯಾರು, ಆದರೂ ನಿದ್ದೆಗೆಟ್ಟು ನೋಡುವುದಿಲ್ವಾ! ನಿಮ್ಮ ತೊಂದರೆ ಬೇರೆ. ಅವನ ಮೇಲೆ ಕಷ್ಟ ಸುರಿದಿದ್ದೀರಿ, ಅವನು ಮಾತ್ರ ಏನೂ ಮಾಡಿಲ್ಲ. ಇದೇ ಕಥೆಯನ್ನು ಕಾವ್ಯ ಮಾಡಿದ ಹಳಗನ್ನಡ ಕವಿ ರನ್ನನನ್ನು ನೋಡಿ. ಅವನ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತಾನೆ. ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಇವರಿಗಾಗಿ ಅಳುವುದು ಬಿಡಿ, ಯಾರಾದರೂ ಅಳುತ್ತಾರೆ. ಆದರೆ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಆ ಹುಡುಗನ ಶೌರ್ಯ ಹೊಗಳುತ್ತಾನೆ, ವೈರಿಯ ಮಗ ಅದು! ನನ್ನ ಮನಸ್ಸು ತಿರುಗಿದ್ದು ಅಲ್ಲಿ. ಆಮೇಲೆ ಭೀಷ್ಮ ಸಂಧಿ ಮಾಡಿಕೋ ಅನ್ನುತ್ತಾನೆ. ಬದುಕುವ ದಾರಿ ಇತ್ತು, ಬೇಡ ಅಂದವನು ಇವನೇ.

ಕುಡ್ಲದವಳು:
ಸರಿ, ಆದರೆ ಕನಿಕರ ಜಾಸ್ತಿಯಾದರೆ ಮನೆ ಕಳೆದುಕೊಂಡವರಿಗೆ ಮೋಸ. ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಕೌರವನ ಮಾತಾಡುವ ಅರ್ಥಧಾರಿ ಎಷ್ಟೇ ಸಮರ್ಥಿಸಿಕೊಳ್ಳಲಿ, ಎದುರಿಗೆ ಭೀಮ ಕೂತಿರುತ್ತಾನೆ, ಸೀರೆ ಎಳೆಸಿದ್ದನ್ನು ಮರೆಯಲು ಬಿಡುವುದಿಲ್ಲ. ನಿಮ್ಮ ಕಥೆಗೂ ಅಂಥ ಒಬ್ಬ ಬೇಕು.

ಇನ್ನೊಂದು, ಮಳೆಗಾಲವನ್ನು ಸುಮ್ನೆ ಬಿಟ್ಟಿದ್ದೀರಿ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಮೀನುಗಾರಿಕೆ ನಿಷೇಧ, ಟ್ರಾಲ್ ಬೋಟು ಕಡಲಿಗೆ ಇಳಿಯುವಂತಿಲ್ಲ, ಕಲಾಸಿಗಳ ಕೈ ಖಾಲಿ. ಇವನು ಕೂಡಿಟ್ಟ ದುಡ್ಡನ್ನು ಮೊದಲ ವರ್ಷ ಗೆಳೆಯರಿಗೆ ಬಡ್ಡಿಯಿಲ್ಲದೆ ಕೊಡಲಿ. ಮರುವರ್ಷ ಚೂರು ಬಡ್ಡಿ, ಯಾಕೆಂದರೆ ಕಳೆದ ಸಲ ಇಬ್ಬರು ವಾಪಸ್ ಕೊಡಲಿಲ್ಲ, ತಪ್ಪೇನೂ ಕಾಣುವುದಿಲ್ಲ. ಮೂರನೇ ಮಳೆಗೆ ಒಬ್ಬನ ಮನೆ ಪತ್ರ.

ಮಲ್ಪೆ_ಗಾಳಿ:
ತಂಗಿಯ ಕಾಯಿಲೆ ತೆಗೆದೆ. ಆ ಮೊದಲ ಪತ್ರ ತಂಡೇಲನದ್ದೇ ಆಗಲಿ. ಅವನು ಹೊಡೆಯುವುದು ಬೇಡ, ಇವನಿಗೆ ಬಲೆ ಹೆಣೆಯಲು ಕಲಿಸಿದವನು ಅವನು. ಪತ್ರ ಹಿಂದೆ ಕೊಡಲು ಇವನು ಮಳೆಯಲ್ಲಿ ಅವನ ಅಂಗಳದವರೆಗೆ ಹೋಗಿ ತಿರುಗಿ ಬರುತ್ತಾನೆ. ಪ್ರೀತಿಸಿದವಳನ್ನು ಮಾತ್ರ ಬಿಡಲು ಮನಸ್ಸಿಲ್ಲ, ನೋಡುವ.